ಹುಲಿ ಕೆಟ್ಟದ್ದು, ಹಸು ಒಳ್ಳೆಯದು: ಅಲ್ಲಿಂದ ಮುಂದಕ್ಕೆ ಓದಿಸುವುದು ಹೇಗೆ

ಕಥೆ ಮುಗಿದ ಮೇಲೆ ‘ಇವನು ಎಂಥವನು?’ ಎಂದು ಕೇಳಿದರೆ ನಾಲ್ಕನೇ ತರಗತಿಯಲ್ಲಿ ಬರುವ ಉತ್ತರ ಎರಡೇ: ಒಳ್ಳೆಯವನು, ಕೆಟ್ಟವನು. ಮಕ್ಕಳಿಗೆ ಬೇರೆ ಮಾತು ಗೊತ್ತಿಲ್ಲವೆಂದಲ್ಲ. ಆಟದ ಬಯಲಲ್ಲಿ ಅವರೇ ಒಬ್ಬರನ್ನೊಬ್ಬರು ಜಿಪುಣ, ಪುಕ್ಕಲ, ಚಾಡಿಕೋರ, ತರಲೆ ಅನ್ನುತ್ತಿರುತ್ತಾರೆ. ಪುಸ್ತಕ ತೆರೆದರೆ ಆ ಮಾತೆಲ್ಲ ಚಪ್ಪಲಿ ಜೊತೆ ಬಾಗಿಲಾಚೆಯೇ ಉಳಿದುಬಿಡುತ್ತದೆ. ಓದಿನ ಕಮ್ಮಟದಲ್ಲಿ, ಅಂದರೆ ಮಕ್ಕಳು ತಾವೇ ಪುಸ್ತಕ ಓದಿ ಅದರ ಬಗ್ಗೆ ಮಾತಾಡುವ ಪೀರಿಯಡ್ಡಿನಲ್ಲಿ, ನನ್ನ ಕೆಲಸ ಬಹುಪಾಲು ಆ ಮಾತುಗಳನ್ನು ಒಳಗೆ ಕರೆಯುವುದು, ಆಮೇಲೆ ಒಂದೊಂದಕ್ಕೂ ‘ಪುಟದಲ್ಲಿ ಎಲ್ಲಿದೆ, ತೋರಿಸು’ ಅನ್ನುವುದು.

ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗೆ ಕೂತರೆ ಸುಮಾರು 25 ಮಕ್ಕಳು. 40 ನಿಮಿಷದ ಪೀರಿಯಡ್‌ ವಾರಕ್ಕೆ ಮೂರು, ಹೀಗೆ ಆರು ವಾರ. ಮೊದಲ 10 ನಿಮಿಷ ನಾನು ಒಂದೇ ಒಂದು ಅಂಶ ತೋರಿಸಿಕೊಡುವ ಕಿರುಪಾಠ. ನಂತರ 20 ನಿಮಿಷ ಅವರವರ ಪುಸ್ತಕ ಅವರವರ ಕೈಯಲ್ಲಿ. ಕೊನೆಯ 10 ನಿಮಿಷ ಜೋಡಿಯಲ್ಲಿ ಮಾತು. ಹಾಳಾಗುವುದು ಯಾವಾಗಲೂ ಮೊದಲ ಭಾಗದಲ್ಲೇ. ನಮಗೆ ಪಾಠ ಮಾಡುವ ಚಪಲ. 10 ನಿಮಿಷ 25 ಆಗುತ್ತದೆ, ಮಕ್ಕಳು ಓದುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಹಾಗಾಗಿ ಕಿರುಪಾಠವನ್ನು ನಿಂತು ಮಾಡುತ್ತೇನೆ, ಕುರ್ಚಿಗೆ ಹೋಗುವುದಿಲ್ಲ.

ಕಮ್ಮಟದ ಈ ಬಗೆ ಹೆಸರಾದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಿಂದ. ಅಮೆರಿಕದಲ್ಲೇ ಅದಕ್ಕೆ ದೊಡ್ಡ ಟೀಕೆಯೂ ಬಂತು: ಅಕ್ಷರ ಕೂಡಿಸಿ ಓದುವುದನ್ನು ಕಲಿಸದೆ ಚಿತ್ರ ನೋಡಿ ಊಹಿಸಲು ಬಿಟ್ಟರು ಎಂದು. 2022ರಲ್ಲಿ ಆ ಕಾಲೇಜಿನವರು ತಮ್ಮ ಪಾಠಕ್ರಮ ತಿದ್ದಿದರು. ಆ ಟೀಕೆ ನಮಗೂ ಒಪ್ಪುತ್ತದೆ. ಒತ್ತಕ್ಷರದಲ್ಲಿ ಎಡವುವ ಮಗುವಿಗೆ ಪಾತ್ರದ ಮನಸ್ಸು ಕಾಣುವುದಿಲ್ಲ, ಒತ್ತಕ್ಷರ ಮಾತ್ರ ಕಾಣುತ್ತದೆ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಕಡೆ ನಿಂತರೆ ಪುಸ್ತಕ ಬದಲಿಸುತ್ತೇನೆ. ಕಾಗುಣಿತ, ಒತ್ತಕ್ಷರದ ಅಭ್ಯಾಸ ಬೇರೆ ಪೀರಿಯಡ್ಡಿನಲ್ಲಿ. ಕಮ್ಮಟದಲ್ಲಿ ಅದನ್ನು ಬೆರೆಸುವುದಿಲ್ಲ. ಅಂಥ ಮಕ್ಕಳಿಗೆ ಜೋಡಿಯವರು ಓದಿ ಹೇಳಿದರೂ ಆಯಿತು, ಯೋಚನೆ ಮಾತ್ರ ಇವರದೇ.

ಪುಸ್ತಕ 60 ಇದ್ದರೆ ಸಾಕು. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಎರಡು ಮತ್ತು ಮೂರನೇ ಹಂತದ ಕಥೆಗಳು ಉಚಿತವಾಗಿ ಸಿಗುತ್ತವೆ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ನಡುವೆ ಗೋಣಿ ಸೂಜಿಯಲ್ಲಿ ಮೂರು ಹೊಲಿಗೆ ಹಾಕಿದರೆ ಒಂದು ವರ್ಷ ಬರುತ್ತದೆ. ಪಿನ್ ಹೊಡೆದದ್ದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಆರಿಸುವಾಗ ನೋಡುವುದು ಒಂದನ್ನೇ: ಪಾತ್ರ ಎಲ್ಲಾದರೂ ಮಾಡಲೋ ಬೇಡವೋ ಎಂದು ತೂಗುತ್ತದೆಯೇ? ಬರೀ ಘಟನೆ ಓಡುವ ಕಥೆ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬಾರದು.

ಮೊದಲ ವಾರದ ಕಿರುಪಾಠಕ್ಕೆ ನಾನೇ ಬರೆದುಕೊಂಡ ನಾಲ್ಕು ಸಾಲು ಬೋರ್ಡಿನ ಮೇಲೆ ಇರುತ್ತವೆ:

‘ಅಂಗಡಿ ಸಿದ್ದಪ್ಪ ಬೆಲ್ಲದ ಡಬ್ಬಿ ತೆರೆದ. ಒಂದು ಚೂರು ಮುರಿದ. ಅದನ್ನೂ ಎರಡು ಮಾಡಿದ. ಚಿಕ್ಕದನ್ನು ಹುಡುಗನ ಕೈಗಿಟ್ಟು, ನಿಮ್ಮಪ್ಪನಿಗೆ ಹೇಳು, ಸಿದ್ದಪ್ಪ ಬೆಲ್ಲ ಕೊಟ್ಟ ಅಂತ, ಎಂದ.’

‘ಒಳ್ಳೆಯವನು ಸಾರ್, ಬೆಲ್ಲ ಕೊಟ್ಟ’ ಎಂದು ಒಂದು ಗುಂಪು, ‘ಜಿಪುಣ’ ಎಂದು ಇನ್ನೊಂದು. ಯಾರನ್ನೂ ತಪ್ಪು ಅನ್ನುವುದಿಲ್ಲ. ಯಾವ ಪದ ಹಾಗೆ ಹೇಳಿಸಿತು, ಅದರ ಕೆಳಗೆ ಗೆರೆ ಹಾಕಿ ಅನ್ನುತ್ತೇನೆ. ಸುಮಾರು ಹೊತ್ತು ‘ಚಿಕ್ಕದನ್ನು’ ಎಂಬಲ್ಲಿ ಸುತ್ತಿ, ಕೊನೆಗೆ ಯಾರಾದರೊಬ್ಬರು ‘ಅದನ್ನೂ’ ಎಂಬುದಕ್ಕೆ ಬರುತ್ತಾರೆ. ‘ಅದನ್ನು’ ಎಂದು ತಿದ್ದಿ ಮತ್ತೆ ಓದಿಸಿದರೆ ಸಿದ್ದಪ್ಪನ ಜಿಪುಣತನ ಅರ್ಧ ಇಳಿದಿರುತ್ತದೆ. ಒಂದು ದೀರ್ಘ ಅಷ್ಟು ಕೆಲಸ ಮಾಡುತ್ತದೆ. ಮರುದಿನ ‘ಬೆಲ್ಲ ಕೊಟ್ಟ’, ‘ಬೆಲ್ಲ ಕೊಟ್ಟುಬಿಟ್ಟ’, ‘ಬೆಲ್ಲ ಕೊಡಬೇಕಾಯಿತು’ ಮೂರನ್ನೂ ಬರೆದು, ಮೂವರು ಸಿದ್ದಪ್ಪಂದಿರ ಮುಖ ಮಾಡಿ ತೋರಿಸಿ ಅಂದರೆ ಸಾಕು, ವಿವರಣೆ ಬೇಡ. ಪಾತ್ರದ ಮನಸ್ಸನ್ನು ನಮ್ಮ ಭಾಷೆ ಕ್ರಿಯಾಪದದ ಬಾಲದಲ್ಲಿ ಬಚ್ಚಿಡುತ್ತದೆ. ಬೇರೆ ಭಾಷೆಯ ಕೈಪಿಡಿಗಳಲ್ಲಿ ಈ ಪಾಠ ಸಿಗದು, ನಾವೇ ಕಟ್ಟಿಕೊಳ್ಳಬೇಕು.

ಎರಡನೇ ವಾರದ ತೊಡಕು ಭಾವನೆ ಮತ್ತು ಗುಣ ಕಲಸಿಹೋಗುವುದು. ‘ರಾಜು ಎಂಥ ಹುಡುಗ?’ ‘ಅಳುತ್ತಿದ್ದಾನೆ.’ ಇದಕ್ಕೆ ಎರಡು ವಾಕ್ಯ ಗೋಡೆಗೆ ಅಂಟಿಸಿದ್ದೇನೆ: ‘ಅವನಿಗೆ ಕೋಪ ಬಂತು’, ‘ಅವನು ಮುಂಗೋಪಿ’. ಬಂತು, ಆಯಿತು ಎಂದು ಹೇಳಬಹುದಾದರೆ ಭಾವನೆ, ಬಂದದ್ದು ಹೋಗುತ್ತದೆ. ‘ಅವನಿಗೆ ಜಂಭ ಜಾಸ್ತಿ’, ‘ಅವಳಿಗೆ ಧೈರ್ಯ ಇದೆ’ ಎಂಬಲ್ಲೂ ‘ಅವನಿಗೆ, ಅವಳಿಗೆ’ ಬರುವುದರಿಂದ ಐದನೇ ತರಗತಿಯವರು ಇಲ್ಲಿ ಜಗಳ ತೆಗೆಯುತ್ತಾರೆ. ತೆಗೆಯಲಿ. ಆಗ ಕೊನೆಯ ಪದ ನೋಡಲು ಹೇಳುತ್ತೇನೆ: ಇದೆ, ಜಾಸ್ತಿ ಇದ್ದರೆ ಅದು ಮನೆ ಮಾಡಿಕೊಂಡು ಕೂತ ಗುಣ. ಪೂರ್ತಿ ಪಕ್ಕಾ ನಿಯಮವಲ್ಲ, ಆದರೆ ಹತ್ತರಲ್ಲಿ ಎಂಟು ಸಲ ಕೈಹಿಡಿಯುತ್ತದೆ. ಒಂದೇ ಸಲ ಮಾಡಿದ್ದಕ್ಕೆ ಗುಣ ಅಂಟಿಸಕೂಡದು, ಎರಡು ಕಡೆ ಸಾಕ್ಷಿ ಸಿಗಬೇಕು ಎಂಬ ಕಟ್ಟುಪಾಡೂ ಇದೇ ವಾರ ಶುರು.

ಸಾಕ್ಷಿಗೆ ಚೀಟಿ. ಒಂದು ಎ4 ಹಾಳೆಯಿಂದ ಎಂಟು. ಮಗುವಿಗೆ ಒಂದು ಪೀರಿಯಡ್ಡಿಗೆ ಮೂರೇ ಚೀಟಿ; ಹೆಚ್ಚು ಕೊಟ್ಟರೆ ಪ್ರತಿ ಪುಟಕ್ಕೂ ಒಂದು ತುರುಕುತ್ತಾರೆ. ಚೀಟಿಯಲ್ಲಿ ಗುಣದ ಪದ, ಪುಟದ ಸಂಖ್ಯೆ, ಅಷ್ಟೆ. ಪುಟದ ಸಂಖ್ಯೆ ಬರೆಸದಿದ್ದರೆ ಚೀಟಿ ಬಿದ್ದಾಗ ಕೆಲಸವೆಲ್ಲ ಬಿದ್ದುಹೋಗುತ್ತದೆ.

ಗುಣದ ಪದಗಳ ಪಟ್ಟಿಯನ್ನು ಮೊದಲೇ ತೂಗುಹಾಕುವುದು ದೊಡ್ಡ ತಪ್ಪು. 40 ಪದ ಕಂಡರೆ ಮಕ್ಕಳು ಕಣ್ಣು ಮುಚ್ಚಿ ಬೆರಳಿಟ್ಟ ಹಾಗೆ ಒಂದನ್ನು ಆರಿಸುತ್ತಾರೆ. ಇಲಿಮರಿ ‘ಸಹನಶೀಲ’ ಆಗುತ್ತದೆ. ಅವರ ಬಾಯಲ್ಲಿ ಬಂದ ಪದ ಮಾತ್ರ ಗೋಡೆಗೆ ಏರಬೇಕು, ಆರು ವಾರಕ್ಕೆ 20 ದಾಟಬಾರದು. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳು ತಮ್ಮ ಮಾತಲ್ಲೇ ಹೇಳಲಿ. ಅದನ್ನೂ ಕನ್ನಡ ಲಿಪಿಯಲ್ಲಿ ಬರೆದು, ಸರಿಹೊಂದುವ ಕನ್ನಡ ಪದ ಹುಡುಕುವುದು ಇಡೀ ತರಗತಿಯ ಕೆಲಸ. ಹತ್ತಿರದ ಪದಗಳನ್ನು ಏಣಿ ಮಾಡುತ್ತೇವೆ: ಸಂಕೋಚ, ಅಂಜಿಕೆ, ಪುಕ್ಕಲುತನ. ಪಾತ್ರ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿದರೆ ಮಗು ತಾನಾಗಿಯೇ ಪುಟ ತಿರುವಿ ನೋಡುತ್ತದೆ.

ಮೂರನೇ ವಾರ ಮಾತುಕತೆ. ಕಥೆಯಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದನ್ನು ಮಾತ್ರ ಹೆಕ್ಕಿಸುತ್ತೇನೆ. ಸಾಹುಕಾರ ಆಳಿಗೆ ಬೆಳಿಗ್ಗೆ ‘ಬಾರೋ’ ಅಂದವನು, ಗಾಡಿ ಕೆಸರಲ್ಲಿ ಹೂತಾಗ ‘ಬಾರಪ್ಪ’ ಅನ್ನುತ್ತಾನೆ. ಎರಡಕ್ಷರದಲ್ಲಿ ಆಸಾಮಿ ಸಿಕ್ಕಿಬಿದ್ದ.

ನಾಲ್ಕು, ಐದನೇ ವಾರ ಬದಲಾಗುವ ಪಾತ್ರಕ್ಕೆ. ಇದಕ್ಕೆ ಗೋವಿನ ಹಾಡಿನಷ್ಟು ಒದಗುವ ಪಠ್ಯ ನನಗೆ ಇನ್ನೊಂದು ಸಿಕ್ಕಿಲ್ಲ. ಕಥೆ ಎಲ್ಲರಿಗೂ ಗೊತ್ತು, ಆದ್ದರಿಂದ ‘ಮುಂದೇನಾಯಿತು’ ಎಂಬ ಆತುರ ಇಲ್ಲ. ಹುಲಿ ಕೆಟ್ಟದ್ದು, ಪುಣ್ಯಕೋಟಿ ಒಳ್ಳೆಯದು ಎಂದು ಶುರುವಾಗುತ್ತದೆ. ಕೆಟ್ಟ ಹುಲಿ ಕೊನೆಗೆ ಹಾರಿ ಪ್ರಾಣ ಬಿಡುವುದೇಕೆ ಎಂದಾಗ ತರಗತಿ ಸುಮ್ಮನಾಗುತ್ತದೆ. ಹಾಳೆಯ ಮೇಲೆ ಒಂದು ಗೆರೆ, ಅದರ ಮೇಲೆ ಮೂರು ಚುಕ್ಕೆ: ಹಸುವನ್ನು ತಡೆದಾಗ, ಕಳಿಸಿಕೊಟ್ಟಾಗ, ಹಸು ಮರಳಿ ಬಂದಾಗ. ಪ್ರತಿ ಚುಕ್ಕೆಗೂ ಹುಲಿಯ ಒಂದು ಗುಣ, ಒಂದು ಸಾಕ್ಷಿ. ನಡುವಿನ ಚುಕ್ಕೆಯಲ್ಲಿ ಜಗಳ ಹತ್ತುತ್ತದೆ: ಕಳಿಸಿದ್ದು ಕರುಣೆಯಿಂದಲೋ, ಆಣೆಗೆ ಕಟ್ಟುಬಿದ್ದೋ? ಕರುಣೆ ಅನ್ನುವವರು ಕಿಟಕಿ ಕಡೆ, ಆಣೆ ಅನ್ನುವವರು ಬಾಗಿಲ ಕಡೆ. ಸಾಲು ಓದಿ ತೋರಿಸದೆ ಜಾಗ ಬದಲಿಸುವಂತಿಲ್ಲ. ಮೂರನೇ ಚುಕ್ಕೆಗೆ ಬಂದಾಗ ಹಿಂದಿನ ವಾರದ ಪಾಠ ಕೈಗೆ ಬರುತ್ತದೆ: ತಿನ್ನಲು ಹಿಡಿದದ್ದನ್ನು ಹುಲಿ ಒಡಹುಟ್ಟಿದ ಅಕ್ಕ ಎಂದು ಕರೆಯುತ್ತದೆ. ಅಕ್ಕ ಅಂದಮೇಲೆ ತಿನ್ನುವುದು ಹೇಗೆ ಎಂದು ಮಕ್ಕಳೇ ಹೇಳುತ್ತಾರೆ. ಪುಣ್ಯಕೋಟಿ ಮರಳುವ ಮುನ್ನ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವ ಭಾಗವನ್ನು ಬಿಡಬೇಡಿ. ‘ಸತ್ಯವಂತೆ’ ಎಂಬ ಬಾಯಿಪಾಠದ ಉತ್ತರದ ಬದಲು ‘ವಾಪಸ್ ಬರಲ್ಲ ಅಂತ ಅವಳಿಗೆ ಗೊತ್ತಿತ್ತು’ ಎಂಬ ಮಾತು ಅಲ್ಲಿಂದಲೇ ಹೊರಡುವುದು. ಯಾರೋ ಒಬ್ಬರು ‘ಕಥೆಯ ನೀತಿ’ ಎಂದು ಶುರು ಮಾಡಿಯೇ ಮಾಡುತ್ತಾರೆ. ನೀತಿ ಬಂದರೆ ಪಾತ್ರ ಎದ್ದು ಹೋಗುತ್ತದೆ. ಅದನ್ನು ಪೀರಿಯಡ್ಡಿನ ಕೊನೆಗೆ ತಳ್ಳುತ್ತೇನೆ.

ಸ್ವಂತ ಓದಿನ 20 ನಿಮಿಷದಲ್ಲಿ ನಾಲ್ಕು ಮಕ್ಕಳ ಪಕ್ಕ ಕೂರಬಹುದು, ಒಬ್ಬರಿಗೆ ನಾಲ್ಕು ನಿಮಿಷ. ಎರಡು ವಾರಕ್ಕೆ ಎಲ್ಲರದೂ ಒಂದು ಸುತ್ತು. ಕೂರುವುದು ನೆಲದ ಮೇಲೆ, ಮಗುವಿನ ಎದುರಲ್ಲ, ಪಕ್ಕದಲ್ಲಿ, ಇಬ್ಬರಿಗೂ ಪುಟ ಕಾಣುವ ಹಾಗೆ. ‘ಯಾಕೆ?’ ಎಂದು ಶುರು ಮಾಡಿದರೆ ಬಾಯಿ ಕಟ್ಟಿಹೋಗುತ್ತದೆ. ಶಾಲೆಯಲ್ಲಿ ‘ಯಾಕೆ’ ಬೈಗುಳದ ಪದ: ಯಾಕೆ ಲೇಟು, ಯಾಕೆ ಬರೆದಿಲ್ಲ. ಅದರ ಬದಲು ‘ಎಲ್ಲಿ ಹಾಗೆ ಅನ್ನಿಸಿತು?’ ಅನ್ನುತ್ತೇನೆ. ಮಗು ಹೇಳಿದ್ದನ್ನು ಅದರದೇ ಮಾತಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಮುಂದಿನ ಸಲ ನೋಡಬೇಕಾದ್ದು ಒಂದು ಸಾಲು. ಅಷ್ಟು ಬರೆದುಕೊಳ್ಳದಿದ್ದರೆ ಎರಡನೇ ಸುತ್ತಿನಲ್ಲಿ ಅದೇ ಪ್ರಶ್ನೆ ಕೇಳುತ್ತೇವೆ, ಮಗು ಅದೇ ಉತ್ತರ ಕೊಡುತ್ತದೆ.

ಆರನೇ ವಾರ ಬರವಣಿಗೆ, ಮೂರು ವಾಕ್ಯ: ಪಾತ್ರ ಎಂಥದ್ದು, ಯಾವ ಪುಟದ ಯಾವ ಮಾತಿನಿಂದ ಗೊತ್ತಾಯಿತು, ಅದು ಬದಲಾಯಿತೇ. ಗುಣಕ್ಕೆ ಒಂದು ಅಂಕ, ಸರಿಯಾದ ಸಾಕ್ಷಿಗೆ ಎರಡು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ. ಕಳೆದರೆ ಮಕ್ಕಳು ಬರೆಯಲು ಬರುವ ಪದಕ್ಕೇ ಅಂಟಿಕೊಳ್ಳುತ್ತಾರೆ, ‘ಹೊಟ್ಟೆಕಿಚ್ಚು’ ಹೋಗಿ ಮತ್ತೆ ‘ಕೆಟ್ಟವನು’ ಬರುತ್ತದೆ.

ಹಳೆಯ ಚೀಟಿಗಳನ್ನು ಎಸೆಯುವುದಿಲ್ಲ. ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಇರುತ್ತವೆ. ಮುಂದೆ ಓದುವ ಮಗು ತನ್ನ ಮೂರು ಚೀಟಿ ಬರೆದು ತೋರಿಸಿದ ಮೇಲಷ್ಟೇ ಲಕೋಟೆ ತೆರೆಯಬಹುದು. ಮೊದಲೇ ಕೈಗೆ ಸಿಕ್ಕರೆ ಪುಟದ ಸಂಖ್ಯೆ ಸಮೇತ ನಕಲು ಇಳಿದುಬಿಡುತ್ತದೆ.