ಬ್ಯಾಡ್ಜ್ ಕೈಗೆ ಬಂದರೆ ಮೊದಲು ಬೆನ್ನು ನೋಡುತ್ತೇನೆ

ಎರಡನೇ ಮಹಾಯುದ್ಧದ್ದು ಎಂದು ನಂಬಿ ನಾನು ಮೊದಲು ಕೊಂಡದ್ದು ಬ್ರಿಟಿಷರ ಫಿರಂಗಿ ದಳವಾದ ರಾಯಲ್ ಆರ್ಟಿಲರಿಯ ಟೋಪಿ ಬ್ಯಾಡ್ಜ್. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ, ಹಳೇ ಬೀಗ, ಗಡಿಯಾರಗಳ ರಾಶಿಯಲ್ಲಿ ಸಿಕ್ಕಿತು. ನಡುವೆ ಫಿರಂಗಿ, ಮೇಲೆ ಕಿರೀಟ, ಹಿತ್ತಾಳೆಗೆ ಹಸಿರು ಕಿಲುಬು. ಇದನ್ನು ತೊಟ್ಟವನು ಬರ್ಮಾದಲ್ಲಿ ಹೋರಾಡಿರಬಹುದು ಅಂದುಕೊಂಡೇ ಮನಸ್ಸು ಕರಗಿತು. ಚೌಕಾಸಿಯನ್ನೂ ಮಾಡಲಿಲ್ಲ. ಮನೆಯಲ್ಲಿ ಮಸೂರ ಹಿಡಿದು ನೋಡಿದರೆ ಅದು ಎರಕದ ನಕಲು.

ಆಗಿನ ಸಿಪಾಯಿಗಳ ಹಿತ್ತಾಳೆ ಬ್ಯಾಡ್ಜ್‌ಗಳನ್ನು ತೆಳು ತಗಡಿನ ಮೇಲೆ ಅಚ್ಚು ಒತ್ತಿ ಮಾಡುತ್ತಿದ್ದರು. ಹಾಗಾಗಿ ಮುಂದೆ ಎಲ್ಲಿ ಉಬ್ಬಿದೆಯೋ ಹಿಂದೆ ಅಲ್ಲೇ ತಗ್ಗು ಇರುತ್ತದೆ. ನನ್ನದರ ಬೆನ್ನು ದಪ್ಪಗೆ, ಸಪಾಟಾಗಿ, ಇಡ್ಲಿ ಮೈಯಂತೆ ಸಣ್ಣ ಸಣ್ಣ ತೂತುಗಳಿಂದ ತುಂಬಿತ್ತು. ಫಿರಂಗಿ ಚಕ್ರದ ಕಡ್ಡಿಗಳ ನಡುವೆ ಅರ ಹಾಕಿದ ಗೀರುಗಳಿದ್ದವು. ಎರಕ ಆರುವಾಗ ಲೋಹ ಕುಗ್ಗುತ್ತದೆ. ಆದ್ದರಿಂದ ಅಸಲಿಯಿಂದ ಅಚ್ಚು ತೆಗೆದು ಹೊಯ್ದ ನಕಲು ಅದಕ್ಕಿಂತ ಒಂಚೂರು ಚಿಕ್ಕದಿರುತ್ತದೆ. ಈಗ ಅಂಥ ಸಣ್ಣ ವ್ಯತ್ಯಾಸ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಲ್ಲದೆ ನಾನು ಸಂತೆಗೆ ಹೋಗುವುದಿಲ್ಲ. ಅಧಿಕಾರಿಗಳ ಬ್ಯಾಡ್ಜ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಗಟ್ಟಿ ಬೆನ್ನಿನವೂ ಇವೆ, ಅಷ್ಟಕ್ಕೇ ನಕಲಿ ಅನ್ನಬಾರದು.

ನನಗೆ ಜಾಸ್ತಿ ಪಾಠ ಕಲಿಸಿದ್ದು ಸವೆತ. ಸಿಪಾಯಿ ದಿನವೂ ಬ್ಯಾಡ್ಜ್ ಉಜ್ಜಿ ಹೊಳಪು ಬರಿಸಬೇಕಿತ್ತು. ಬಟ್ಟೆ ತಾಗುವುದು ಎತ್ತರದ ಜಾಗಗಳಿಗೆ. ಕಿರೀಟದ ತುದಿ, ಚಕ್ರದ ಅಂಚು ನುಣ್ಣಗಾಗುತ್ತವೆ. ಸಂದುಗಳಲ್ಲಿ ಗೆರೆ ಮಾತ್ರ ಹರಿತವಾಗೇ ಉಳಿಯುತ್ತದೆ. ನಕಲಿನಲ್ಲಿ ಎತ್ತರ, ತಗ್ಗು ಎರಡೂ ಒಂದೇ ಥರ ಮಂಕು. ಬಣ್ಣವನ್ನು ನಾನು ನಂಬುವುದಿಲ್ಲ. ಕಿಲುಬನ್ನು ರಾಸಾಯನಿಕ ಹಚ್ಚಿ ಬರಿಸಬಹುದು. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಅಲ್ವಾ? ಹಾಗಾಗಿ ಫಳಫಳ ಹೊಳೆಯುವ ಅಸಲಿಯೂ ಸಿಗುತ್ತದೆ.

ಕಷ್ಟ ಕೊಡುವುದು ಹಳೆಯ ಅಚ್ಚಿನಲ್ಲೇ ಹೊಸದಾಗಿ ಒತ್ತಿದ ಬ್ಯಾಡ್ಜ್. ಅದಕ್ಕೂ ಬೆನ್ನಲ್ಲಿ ತಗ್ಗು ಇರುತ್ತದೆ. ಆಗ ಟೋಪಿಗೆ ಸಿಕ್ಕಿಸುವ ಪಟ್ಟಿ, ಕೊಂಡಿಗಳನ್ನು ನೋಡುತ್ತೇನೆ. ಬೆಸುಗೆ ಹೊಚ್ಚ ಹೊಸದಾಗಿ ಮಿನುಗಿದರೆ, ಕೊಂಡಿಯ ಒಳಗೆ ಪಿನ್ ಉಜ್ಜಿದ ಗುರುತೇ ಇಲ್ಲದಿದ್ದರೆ ಅನುಮಾನ ಪಡುತ್ತೇನೆ. ತಯಾರಕರ ಹೆಸರಿದ್ದರೂ ಸಮಾಧಾನವಿಲ್ಲ, ಅದನ್ನೂ ನಕಲು ಮಾಡುತ್ತಾರೆ. ಹಾಗೆಂದು ಪ್ಲಾಸ್ಟಿಕ್ ಬ್ಯಾಡ್ಜ್ ಕಂಡರೆ ಸುಮ್ನೆ ಎಸೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಬ್ರಿಟಿಷ್ ಸೇನೆ ಹಲವು ದಳಗಳಿಗೆ ಪ್ಲಾಸ್ಟಿಕ್ಕಿನದೇ ಮಾಡಿಸಿತ್ತು.

ಇನ್ನು ಕಿರೀಟ. ರಾಜನ ಕಾಲದ ಬ್ರಿಟಿಷ್ ಬ್ಯಾಡ್ಜ್‌ಗಳಲ್ಲಿ ಕಿರೀಟದ ಕಮಾನು ಗುಮ್ಮಟದಂತೆ ಮೇಲೇರುತ್ತದೆ. 1952ರಲ್ಲಿ ಎಲಿಜಬೆತ್ ರಾಣಿಯಾದ ಮೇಲೆ ಬಂದ ಕಿರೀಟದಲ್ಲಿ ಕಮಾನಿನ ನಡುಭಾಗ ಒಳಗೆ ಬಾಗಿದೆ. ಅಂಥದ್ದು 1944ರದ್ದಾಗಲು ಸಾಧ್ಯವೇ ಇಲ್ಲ.

ಇದೇ ಲೆಕ್ಕ ನಮ್ಮ ಕಡೆಯ ಬ್ಯಾಡ್ಜ್‌ಗಳಿಗೂ ಕೆಲಸಕ್ಕೆ ಬರುತ್ತದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ದಳದವರಾದ ಲ್ಯಾನ್ಸರ್‌ಗಳು ಈಗಿನ ಇಸ್ರೇಲಿನ ಹೈಫಾ ಗೆದ್ದ ಕಥೆ ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಗಂಡಭೇರುಂಡ ಇರುವ ಯಾವ ಬಿಲ್ಲೆಯನ್ನಾದರೂ ಲ್ಯಾನ್ಸರ್‌ಗಳದ್ದು ಎಂದು ಮಾರುವವರಿದ್ದಾರೆ. ಒಮ್ಮೆ ನನಗೆ ತೋರಿಸಿದ್ದರಲ್ಲಿ ಗಂಡಭೇರುಂಡದ ಮೇಲೆ ಅಶೋಕನ ಸಿಂಹಗಳಿದ್ದವು. ಆ ಸಿಂಹಗಳು ರಾಷ್ಟ್ರಲಾಂಛನವಾದದ್ದೇ 1950ರಲ್ಲಿ. ಅಂದರೆ ಅದು ಆಮೇಲಿನ ಯಾವುದೋ ಸರ್ಕಾರಿ ಸಮವಸ್ತ್ರದ್ದು. ನನಗೆ ಬೇಸರವಾದದ್ದು ಬೆಲೆಗಲ್ಲ. ಹೈಫಾದಲ್ಲಿ ಕುದುರೆ ಓಡಿಸಿದವರ ಹೆಸರನ್ನು ಅವರು ಮುಟ್ಟಿಯೇ ಇರದ ತಗಡಿಗೆ ಅಂಟಿಸಿದ್ದಕ್ಕೆ. ಮಾರುವವರಿಗೆ ಸಿಂಹಗಳನ್ನು ತೋರಿಸಿ ವಿವರಿಸಿದೆ. ಅವರು ನಿಜವಾಗಿಯೂ ತಿಳಿದಿರಲಿಲ್ಲ ಅನ್ನಿಸಿತು. ಮುಂದಿನ ವಾರ ಹೋದಾಗ ಆ ಬ್ಯಾಡ್ಜ್ ಬೆಲ್ಟ್ ಬಕಲ್‌ಗಳ ಡಬ್ಬಿಯಲ್ಲಿತ್ತು.