ಅಟ್ಟದ ಒಳಹೊದಿಕೆ ನಾನೇ ಬದಲಿಸಿದ್ದು

ಶ್ರೀರಂಗಪಟ್ಟಣದ ನಮ್ಮ ಹಳೇ ಮನೆಯದು ಮಂಗಳೂರು ಹೆಂಚಿನ ಸೂರು. ಹೆಂಚಿನ ಧೂಳು ಅಟ್ಟಕ್ಕೆ ಬೀಳಬಾರದು ಅಂತ ಅಪ್ಪ ಯಾವಾಗಲೋ ಜಂತೆಗಳ ಅಡಿಗೆ ಹಾರ್ಡ್‌ಬೋರ್ಡ್ ಹೊಡೆಸಿದ್ದರು. ಅದು ನೀರು ಕುಡಿದು ಹೊಟ್ಟೆ ಬಿಟ್ಟುಕೊಂಡಿತ್ತು. "ಜಿಪ್ಸಂ ಮಾಡಿಸಿ ಸಾರ್, ಛತ್ರದ ಥರ ಕಾಣುತ್ತೆ" ಅಂದರು ಒಬ್ಬರು. ಅಟ್ಟಕ್ಕೆ ಛತ್ರದ ಕಳೆ ಯಾಕೆ? ಹೆಂಚು ಅಂದಮೇಲೆ ಒಂದಲ್ಲ ಒಂದು ದಿನ ಸೋರುತ್ತದೆ. ಅದರಲ್ಲೂ ನಮ್ಮ ಬೀದಿಯಲ್ಲಿ ಕೋತಿಗಳ ಕಾಟ. ಅಡಿಯಲ್ಲಿರುವ ಹೊದಿಕೆ ಬಿಚ್ಚಿ ನೋಡುವ ಹಾಗಿರಬೇಕು. ಅದಕ್ಕೇ ಬಿದಿರು ಚಾಪೆ ಆರಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದೆ. ಈ ಕಡೆ ಮಳೆ ಜೋರಾಗೋದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಮುಗಿಯಬೇಕು.

ಬೋರ್ಡ್ ಕಿತ್ತರೆ ಮೇಲಿಂದ ಇಲಿ ಹಿಕ್ಕೆ, ಬಾವಲಿ ಹಿಕ್ಕೆ, ಕಣಜದ ಗೂಡು ಎಲ್ಲ ಸುರಿಯುತ್ತೆ. ಒಣಗಿದ್ದನ್ನು ಗುಡಿಸಬೇಡಿ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಎನ್-95 ಮಾಸ್ಕ್, ಕನ್ನಡಕ ಬೇಕೇ ಬೇಕು. ಬೋರ್ಡ್ ಬದಲು ಹಳೇ ಕಲ್ನಾರು (ಆಸ್‌ಬೆಸ್ಟಾಸ್) ಶೀಟ್ ಇದ್ದರೆ ಮಾತ್ರ ಮುರಿಯೋದು, ಕೊಯ್ಯೋದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಹೊಸ ಹೊದಿಕೆಗೆ ಮುಂಚೆ ಸೂರು ನೋಡಿಕೊಳ್ಳಬೇಕು. ಸುಡುವ ಮಧ್ಯಾಹ್ನ ದೀಪ ಆರಿಸಿ ಅಟ್ಟದಲ್ಲಿ ಕೂತರೆ ಬಿರುಕಿದ್ದ ಕಡೆಯೆಲ್ಲ ಬೆಳಕು ಇಣುಕುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗುರುತು. ಮೇಲಿನ ಸಾಲಿನ ಹೆಂಚನ್ನು ಒಳಗಿಂದಲೇ ಸ್ವಲ್ಪ ಎತ್ತಿ ಹಿಡಿದರೆ ಒಡೆದದ್ದು ಜಾರಿ ಬರುತ್ತದೆ. ಹೊಸ ಹೆಂಚು ಹಳೇದರ ಪಕ್ಕ ಸರಿಯಾಗಿ ಕೂರಲ್ಲ, ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ. ಹಾಗಾಗಿ ಮನೆ ಕೆಡವಿದ ಕಡೆಯಿಂದ ಅದೇ ಅಚ್ಚಿನ ಹೆಂಚು ತಂದೆ. ಅಂದಹಾಗೆ, ಹೆಂಚಿನ ಮೇಲೆ 1865 ಅಂತ ಇದ್ದರೆ ಮನೆಗೆ ಅಷ್ಟು ವಯಸ್ಸು ಅಂತ ಹಿಗ್ಗಬೇಡಿ. ಅದು ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ.

ಆಮೇಲೆ ಮರ. ಜಂತೆ ಗೋಡೆ ಮೇಲೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದೆ. ಗೆದ್ದಲು ಮೊದಲು ಹತ್ತೋದು ಅಲ್ಲೇ. ಮೆತ್ತಗಾಗಿದ್ದ ಒಂದು ಜಂತೆಯನ್ನು ಆಚಾರ್ರು ಬಂದು ಬದಲಿಸಿದರು. ಆ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಹೆಂಚು ಕೂರುವ ರಿಪೀಸ್ ಪಟ್ಟಿ (ಜಂತೆಗಳ ಮೇಲೆ ಅಡ್ಡಕ್ಕೆ ಹೊಡೆಯುವ ತೆಳು ಮರದ ಪಟ್ಟಿ) ಕೆಲವನ್ನು ಮಾತ್ರ ನಾನೇ ಹಾಕಿದೆ.

ಚಾಪೆ ತಂದಿದ್ದು ಮೈಸೂರಿನ ಬಂಬೂ ಬಜಾರ್‌ನಿಂದ. "ಎಳೇ ಬಿದಿರಿಂದು ತಗೋಬೇಡಣ್ಣ, ಬೇಗ ಹುಳ ಹತ್ತುತ್ತೆ" ಅಂತ ಅಂಗಡಿಯ ಅಕ್ಕನೇ ಹೇಳಿದರು. ಬಿದಿರಿನೊಳಗಿನ ಪಿಷ್ಟಕ್ಕೇ ಹುಳ ಬರೋದು. ಬಲಿತ ಬಿದಿರಿಗೂ ಔಷಧಿ ಇರಲಿ ಅಂತ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಚಾಪೆಗಳನ್ನು ನೆನೆಸಿ ನೆರಳಲ್ಲಿ ಒಣಗಿಸಿದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳು, ದನಕರು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಕೂರಿಸುವಾಗ ಮೊಳೆ ಬೇಡವೇ ಬೇಡ. ಸುತ್ತಿಗೆ ಏಟಿಗೆ ಮೇಲಿನ ಹೆಂಚು ಕದಲುತ್ತವೆ, ಕೂರಿಸಿದ್ದೆಲ್ಲ ವೇಸ್ಟ್. ಹಳೇ ಮರ ಕಬ್ಬಿಣದ ಥರ ಗಟ್ಟಿ, ಡ್ರಿಲ್‌ನಲ್ಲಿ ತೂತು ಮಾಡಿಕೊಂಡೇ ಸ್ಕ್ರೂ ಹಾಕಬೇಕು. ಚಾಪೆ ಅಂಚನ್ನು ಜಂತೆಯ ಅಡಿಗೆ ಇಟ್ಟು, ಮೇಲೊಂದು ತೆಳು ಪಟ್ಟಿ ಕೊಟ್ಟು ಬಿಗಿದೆ. ಚಾಪೆ ಜಂತೆಯ ಅಡಿಗೇ ಇರೋದರಿಂದ ಹೆಂಚಿಗೂ ಚಾಪೆಗೂ ನಡುವೆ ಗಾಳಿ ಆಡುತ್ತೆ, ಒದ್ದೆಯಾದರೂ ಒಣಗುತ್ತೆ. ಎರಡು ಪಟ್ಟಿ ಬಿಚ್ಚಿದರೆ ಒಂದು ಅಂಕಣದ (ಎರಡು ಜಂತೆ ನಡುವಿನ ಜಾಗದ) ಚಾಪೆ ಕೈಗೆ ಬರುತ್ತೆ. ಮಳೆಗಾಲದಲ್ಲಿ ಕೋತಿ ಹೆಂಚು ಒಡೆದಾಗ ಹಾಗೇ ಬಿಚ್ಚಿ ಸರಿಮಾಡಿದೆ.

ಬಿಸಿಲ ಝಳಕ್ಕೆ ಚಾಪೆಯಿಂದ ಜಾಸ್ತಿ ಉಪಯೋಗ ಇಲ್ಲ. ಅದಕ್ಕೆ ಹೊಳೆಯುವ ಫಾಯಿಲ್ ಶೀಟ್ ಹಾಕಬೇಕು ಅನ್ನೋರು ಅದನ್ನು ಹೆಂಚಿಗೆ ಅಂಟಿಸಬೇಡಿ. ಹೊಳೆಯುವ ಮುಖದ ಮುಂದೆ ಒಂದಿಂಚಾದರೂ ಖಾಲಿ ಜಾಗ ಇದ್ದರೇ ಅದು ಕೆಲಸ ಮಾಡೋದು.