ಮರಾಠರು ಬಾರದೇ ಇದ್ದಿದ್ದರೆ: ಮೂರನೇ ಮೈಸೂರು ಯುದ್ಧದ ಮರುಲೆಕ್ಕ ಹಾಕುವುದು ಹೇಗೆ

‘ಮರಾಠರು ಇಂಗ್ಲಿಷರ ಜೊತೆ ಸೇರದಿದ್ದರೆ ಟಿಪ್ಪು ಗೆದ್ದೇ ಬಿಡುತ್ತಿದ್ದ’ ಎಂಬ ವಾದಕ್ಕೆ ನಮ್ಮಲ್ಲಿ ಬರವಿಲ್ಲ. ಅದನ್ನು ಪರೀಕ್ಷಿಸಿ ನೋಡುವವರು ಮಾತ್ರ ಕಡಿಮೆ. ಪರೀಕ್ಷೆಗೆ 1790–92ರ ಯುದ್ಧದಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಮುಖ್ಯ ದಿನಾಂಕಗಳು ಗೊತ್ತಿವೆ. ಇಂಗ್ಲಿಷ್ ಅಧಿಕಾರಿಗಳ ದಿನಚರಿಗಳೂ ಪುಣೆಯ ಪೇಶ್ವೆ ದಫ್ತರದ ಪತ್ರಗಳೂ ಉಳಿದಿವೆ. ಹೋಲಿಸಲು ಹಿಂದೆ ಎರಡು, ಮುಂದೆ ಒಂದು ಮೈಸೂರು ಯುದ್ಧವಿದೆ. ಒಂದು ನೋಟ್‌ಬುಕ್ಕು, ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗಿನ ಒಂದು ಭೂಪಟ ಇಟ್ಟುಕೊಂಡು ಕೂರಿ.

ಮೊದಲು ಪ್ರಶ್ನೆಯನ್ನು ಬಿಗಿ ಮಾಡಿ. ‘ಮರಾಠರು ಇಲ್ಲದಿದ್ದರೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅವರು ತಟಸ್ಥರಾಗಿ ಉಳಿದರೆ? ಟಿಪ್ಪುವಿನ ಕಡೆ ಸೇರಿದರೆ? ಬಂದರೂ ಎರಡು ವಾರ ತಡವಾಗಿ ಬಂದರೆ? ಇವು ಮೂರು ಬೇರೆ ಬೇರೆ ಲೆಕ್ಕ. ಆ ಕಾಲದಲ್ಲಿ ನಿಜವಾಗಿಯೂ ತೆರೆದಿದ್ದ ದಾರಿಯನ್ನೇ ಆರಿಸಿಕೊಳ್ಳಿ. ಈಸ್ಟ್ ಇಂಡಿಯಾ ಕಂಪನಿಯ ಜೊತೆ ಪುಣೆಯ ಒಪ್ಪಂದ ಆದದ್ದು 1790ರ ಜೂನ್ 1ರಂದು. ಅದಕ್ಕೆ ಮೂರು ವರ್ಷ ಮೊದಲು, 1787ರಲ್ಲಿ, ಮರಾಠರೂ ಟಿಪ್ಪುವೂ ಗಜೇಂದ್ರಗಡದಲ್ಲಿ ಸಂಧಿ ಮಾಡಿಕೊಂಡಿದ್ದರು. ಟಿಪ್ಪುವಿನ ವಕೀಲರು, ಅಂದರೆ ರಾಯಭಾರಿಗಳು, ಪುಣೆಯಲ್ಲಿ ಮಾತುಕತೆ ನಡೆಸಿಯೂ ಇದ್ದರು. ಹಾಗಾಗಿ ಪುಣೆಯ ಮಂತ್ರಿ ನಾನಾ ಫಡ್ನವೀಸ್ ‘ಈ ಯುದ್ಧ ನಮಗೆ ಬೇಡ’ ಎಂದುಬಿಟ್ಟ ಎಂದು ಊಹಿಸುವುದು ಅತಿಯಾಗದು. ಪುಟದ ಮೇಲ್ಗಡೆ ಒಂದೇ ಸಾಲು ಬರೆಯಿರಿ: ‘1790ರ ಜೂನ್‌ನಲ್ಲಿ ಮರಾಠರು ತಟಸ್ಥರಾದರು.’ ಇದರಾಚೆ ನೀವಾಗಿ ಏನನ್ನೂ ಬದಲಿಸುವಂತಿಲ್ಲ.

ಎರಡನೆಯದು, ಆ ಮಿತ್ರ ನಿಜವಾಗಿ ಏನು ಮಾಡಿದ ಎಂಬ ಜಮಾ-ಖರ್ಚು. ಜಮಾ ಕಡೆ ಆಹಾರ ಮತ್ತು ಹೇರೆತ್ತು, ಶತ್ರುವಿನ ಪಡೆಯನ್ನು ಬೇರೆಡೆ ಕಟ್ಟಿಹಾಕಿದ್ದು, ಉಳಿದ ಮಿತ್ರರಿಗೆ ಕೊಟ್ಟ ಧೈರ್ಯ. ಖರ್ಚಿನ ಕಡೆ ಮಿತ್ರನಿಗೆ ತೆತ್ತ ಬೆಲೆ. ಮರಾಠರಿಗೆ ಸಾಲ ಕೊಡಲು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಚೀನಾ ವ್ಯಾಪಾರಕ್ಕೆ ಮೀಸಲಾಗಿದ್ದ ಹಣಕ್ಕೆ ಕೈ ಹಾಕಬೇಕಾಯಿತು. ಮರಾಠ ಸರದಾರ ಪರಶುರಾಮ ಭಾವುವಿನ ದಂಡಿನ ಪಿಂಡಾರಿಗಳು (ಸುಲಿಗೆಯ ಸವಾರರು) 1791ರಲ್ಲಿ ಶೃಂಗೇರಿ ಮಠವನ್ನು ಸುಲಿದರು. ಸ್ವಾಮಿಗಳಿಗೆ ಟಿಪ್ಪು ಬರೆದ ಪತ್ರಗಳು ಇಂದಿಗೂ ಇವೆ. ಈ ಖರ್ಚಿನ ಪಟ್ಟಿಯನ್ನು ಬಹಳಷ್ಟು ಜನ ಬರೆಯುವುದೇ ಇಲ್ಲ, ಬರೆಯದಿದ್ದರೆ ಲೆಕ್ಕ ಒಂದೇ ಕಡೆ ವಾಲುತ್ತದೆ.

ಮೂರನೆಯದೇ ನಿಜವಾದ ಕೆಲಸ: ಮಿತ್ರನ ಗೈರುಹಾಜರಿ ಯಾವ ದಿನ ಕಚ್ಚುತ್ತದೆ ಎಂದು ಹುಡುಕುವುದು. ದಿನಾಂಕಗಳನ್ನು ಸಾಲಾಗಿ ಇಳಿಸಿಕೊಳ್ಳಿ. 1791ರ ಮಾರ್ಚ್ 21, ಬೆಂಗಳೂರು ಕೋಟೆ ಬಿತ್ತು. ಇದರಲ್ಲಿ ಮರಾಠರ ಕೈಯಿಲ್ಲ, ಅವರಿನ್ನೂ ಧಾರವಾಡದ ಮುಂದಿದ್ದರು. ಮೇ ಮೊದಲ ವಾರ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ದಾರಿಯನ್ನು ಟಿಪ್ಪು ಸುಟ್ಟು ಬರಿದು ಮಾಡಿದ್ದರಿಂದ ಕನಕಪುರದ ಕಡೆಯಿಂದ ಸುತ್ತಿ ಬಂದ. ಮೇ 13, ಶ್ರೀರಂಗಪಟ್ಟಣದ ಹತ್ತಿರದ ಅರಕೆರೆ ತಲುಪಿದ. ಮೇ 15ರ ಕಾಳಗದಲ್ಲಿ ಗೆದ್ದ. ಅಷ್ಟು ಹೊತ್ತಿಗೆ ಮಳೆ ಹಿಡಿದು ಕಾವೇರಿ ಏರಿತ್ತು, ಎತ್ತುಗಳು ರೋಗ ಬಂದು ಸಾಲುಸಾಲಾಗಿ ಸಾಯುತ್ತಿದ್ದವು, ಅಕ್ಕಿ ಮುಗಿಯುತ್ತಿತ್ತು. ಮೇ 22, ಕನ್ನಂಬಾಡಿಯ ಹತ್ತಿರ ತನ್ನ ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿದ. ಮೇ 26, ಬೆಂಗಳೂರಿನತ್ತ ವಾಪಸು ಹೊರಟ.

ಅವತ್ತೇ ಮೇಲುಕೋಟೆಯ ಸೀಮೆಯಲ್ಲಿ ಸಾಮಾನು-ಸರಂಜಾಮಿನ ಪಕ್ಕಕ್ಕೆ ಕುದುರೆ ಸವಾರರ ಗುಂಪೊಂದು ಕಾಣಿಸಿತು. ಮೈಸೂರಿನವರೇ ಎಂದು ಇಂಗ್ಲಿಷ್ ಸಿಪಾಯಿಗಳು ಗುಂಡು ಹಾರಿಸತೊಡಗಿದರು. ಒಬ್ಬ ಸವಾರ ಮುಂದೆ ಬಂದು ತಾವು ಮರಾಠರು ಎಂದು ಕೂಗಿ ಹೇಳಿದ ಮೇಲೆಯೇ ನಿಜ ತಿಳಿದದ್ದು. ಹಿಂದೆಯೇ ಹರಿ ಪಂತ ಫಡ್ಕೆ ಮತ್ತು ಪರಶುರಾಮ ಭಾವು ಪಟವರ್ಧನರ ದಂಡು, ದಂಡಿನ ಜೊತೆಗೇ ಸಾಗುವ, ದವಸ ತುಂಬಿದ ಬಜಾರಿನ ಸಮೇತ. ಟಿಪ್ಪುವಿನ ಹಗುರ ಕುದುರೆ ಪಡೆ ಸುದ್ದಿ ಒಯ್ಯುವ ಹರಕಾರರನ್ನು ದಾರಿಯಲ್ಲೇ ಎಷ್ಟು ಚೆನ್ನಾಗಿ ತಡೆದಿತ್ತೆಂದರೆ, ಇಷ್ಟು ದೊಡ್ಡ ಸೈನ್ಯ ಹತ್ತಿರ ಬಂದಿರುವುದೇ ಕಾರ್ನ್‌ವಾಲಿಸನಿಗೆ ಗೊತ್ತಿರಲಿಲ್ಲ.

ಇಲ್ಲಿ ಬಹಳ ಜನ ಜಾರುವ ಜಾಗವಿದೆ. ಫಿರಂಗಿ ನಾಶವಾದದ್ದೂ ಹಿಂದೆಗೆತ ಶುರುವಾದದ್ದೂ ಮರಾಠರು ಬರುವ ಮೊದಲು. ಅಂದರೆ ಅವರಿದ್ದರೂ ಆ ವರ್ಷ ಶ್ರೀರಂಗಪಟ್ಟಣ ಬೀಳಲಿಲ್ಲ. ಅವರು ಉಳಿಸಿದ್ದು ಹಸಿದು ಹಿಂದಿರುಗುತ್ತಿದ್ದ ಸೈನ್ಯವನ್ನು. ಆದ್ದರಿಂದ ಕೇಳಬೇಕಾದ್ದು: ಅವರ ಬಜಾರಿಲ್ಲದೆ ಆ ಸೈನ್ಯ ಬೆಂಗಳೂರು ಮುಟ್ಟುತ್ತಿತ್ತೇ?

ಅಂಕಿಗೆ ಇಳಿಯಿರಿ. ಕಾದಾಡುವವರು 20,000, ಜೊತೆಗೆ ಹೋಗುವ ಪರಿವಾರ ಅದರ ನಾಲ್ಕರಷ್ಟು ಎಂದು ಇಟ್ಟುಕೊಂಡರೆ ಒಟ್ಟು ಒಂದು ಲಕ್ಷ ಬಾಯಿ. ತಲೆಗೆ ದಿನಕ್ಕೊಂದು ಸೇರು, ಅಂದರೆ ಸುಮಾರು 900 ಗ್ರಾಂ ಅಕ್ಕಿ ಹಿಡಿದರೆ ದಿನಕ್ಕೆ 90 ಟನ್. ಒಂದು ಹೇರೆತ್ತು 70 ಕಿಲೋ ಹೊತ್ತರೆ ದಿನಕ್ಕೆ ಸುಮಾರು 1,300 ಹೇರು. ಪರಿವಾರ ಎರಡರಷ್ಟೇ ಎಂದುಕೊಂಡರೆ 60,000 ಬಾಯಿ, 54 ಟನ್, 770 ಹೇರು. ಈ ಎರಡನ್ನೂ ಮೇಲಿನ ಮಿತಿ, ಕೆಳಗಿನ ಮಿತಿ ಎಂದು ಇಟ್ಟುಕೊಳ್ಳಿ. ಒಂದೇ ಅಂಕಿಯನ್ನು ನಂಬಬೇಡಿ. ಬರುವಾಗ ಹಿಡಿದ ಹತ್ತು ದಿನವೇ ಹೋಗುವಾಗಲೂ ಹಿಡಿದರೆ ಬೇಕಾದದ್ದು 7,700ರಿಂದ 13,000 ಹೇರು, ಅರ್ಧ ಪಡಿ ಕೊಟ್ಟರೆ ಅದರರ್ಧ. ಎತ್ತುಗಳ ಮೇವು ಇದರಲ್ಲಿ ಸೇರಿಲ್ಲ. ಸುತ್ತಲ ಹಳ್ಳಿಗಳು ಖಾಲಿ, ಜೊತೆಗಿದ್ದ ನಿಜಾಮನ ಕುದುರೆಗಳು ಇದ್ದಬದ್ದ ಮೇವನ್ನೂ ಮುಗಿಸಿದ್ದವು. ನನ್ನ ಅಂದಾಜು: ಗೋರಾ ದಳಗಳು ಮತ್ತು ಬಹುಪಾಲು ಸಿಪಾಯಿಗಳು ಬೆಂಗಳೂರು ಸೇರುತ್ತಿದ್ದರು, ಪರಿವಾರದವರು ಸಾವಿರಗಟ್ಟಲೆ ದಾರಿಯಲ್ಲೇ ಸಾಯುತ್ತಿದ್ದರು, ಎತ್ತು-ಗಾಡಿಗಳು ಹೋಗುತ್ತಿದ್ದವು. ಸೈನ್ಯ ಪೂರ್ತಿ ಅಳಿಯುತ್ತಿರಲಿಲ್ಲ, ಮುಂದಿನ ವರ್ಷದ ದಂಡಯಾತ್ರೆಗೆ ಮಾತ್ರ ಅದರಲ್ಲಿ ಕಸುವು ಉಳಿಯುತ್ತಿರಲಿಲ್ಲ.

ಮುಂದೆ, ಕಟ್ಟಿಹಾಕಿದ್ದ ಪಡೆ. ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಮರಾಠರ ಮುತ್ತಿಗೆಯೆದುರು ಧಾರವಾಡದ ಕೋಟೆಯನ್ನು 1790ರ ಸೆಪ್ಟೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಹಿಡಿದು ನಿಂತ. ಮುತ್ತಿಗೆ ಇಲ್ಲದಿದ್ದರೆ ಅವನ ಪಡೆಯೆಲ್ಲ ದಕ್ಷಿಣಕ್ಕೆ ಬರುತ್ತಿತ್ತು ಎಂದು ಕೂಡಿಸಬೇಡಿ. ತಟಸ್ಥ ನೆರೆಯವನ ಮೇಲೂ ಕಾವಲು ಬೇಕು, ಅದರಲ್ಲೂ 1786–87ರಲ್ಲಿ ಅವನೊಡನೆಯೇ ಕಾದಾಡಿದ್ದ ಟಿಪ್ಪುವಿಗೆ. ಅರ್ಧದಷ್ಟು ಬಿಡುಗಡೆಯಾಯಿತೆಂದು ಹಿಡಿಯುವುದು ಸಾಕು. ಜನಕ್ಕಿಂತ ದೊಡ್ಡ ಲಾಭ ಕೃಷ್ಣಾ-ತುಂಗಭದ್ರೆಯ ನಡುವಿನ ಕಂದಾಯ.

ಆಮೇಲೆ ನಿಜಾಮ. ಅವನು ಒಪ್ಪಂದಕ್ಕೆ ಸೇರಿದ್ದು 1790ರ ಜುಲೈನಲ್ಲಿ, ಪುಣೆಯ ನಂತರ. ತನ್ನ ಸೈನ್ಯ ಮೈಸೂರಿನಲ್ಲಿರುವಾಗ ಮರಾಠರು ಬೆನ್ನಿಗೆ ಬಿದ್ದಾರೆಂಬ ಭಯ ಅವನಿಗೆ ಮೊದಲಿನಿಂದಲೂ ಇತ್ತು, ಮರಾಠರು ಅವನನ್ನೇ ಸೋಲಿಸಿದ 1795ರ ಖರ್ಡಾ ಯುದ್ಧ ಅದು ಹುಸಿಯಲ್ಲವೆಂದು ತೋರಿಸಿತು. ಮರಾಠರು ಹೊರಗುಳಿದರೆ ಅವನೂ ಅರೆಮನಸ್ಸಿನಲ್ಲೇ ಇರುತ್ತಿದ್ದ. ಇದು ನೀವು ಮಾಡಿದ ಎರಡನೇ ಬದಲಾವಣೆಯಲ್ಲ, ಮೊದಲನೆಯದರ ಫಲ. ಫ್ರೆಂಚ್ ಹಡಗುಗಳನ್ನು ಮಂಗಳೂರಿಗೆ ತಂದು ನಿಲ್ಲಿಸಿದರೆ ಮಾತ್ರ ಅದು ಎರಡನೇ ಬದಲಾವಣೆ. 1788ರಲ್ಲಿ ಪ್ಯಾರಿಸ್‌ಗೆ ಹೋದ ರಾಯಭಾರ ಬರಿಗೈಲಿ ಬಂದಿತ್ತು, ಮರುವರ್ಷ ಅಲ್ಲಿ ಕ್ರಾಂತಿಯೇ ಆಯಿತು. ಆ ಆಸೆ ಬಿಡಿ.

ಈಗ ಬೇರೆ ಯುದ್ಧಗಳ ಪಕ್ಕ ಇಟ್ಟು ನೋಡಿ. ದೇಶೀಯ ಮಿತ್ರರ ಬಲ ಕಂಪನಿಗೆ ಕೈಕೊಟ್ಟ ಎರಡು ಸಲವೂ, 1769ರ ಮದ್ರಾಸು ಒಪ್ಪಂದದಲ್ಲೂ 1784ರ ಮಂಗಳೂರು ಒಪ್ಪಂದದಲ್ಲೂ, ಇಬ್ಬರೂ ಗೆದ್ದ ನೆಲ ಹಿಂದಿರುಗಿಸಿ ಎದ್ದರು. ನಿಮ್ಮ ಊಹೆಗೆ ಇದು ಒಳ್ಳೆಯ ಆಧಾರ. ಆದರೆ 1799 ಎದುರು ನಿಲ್ಲುತ್ತದೆ: ಮರಾಠರು ಕಾದಾಡಲಿಲ್ಲ, ಆದರೂ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈ ಎದುರುದಾಹರಣೆಯನ್ನು ಮುಚ್ಚಿಡಬೇಡಿ, ಬಿಡಿಸಿ ನೋಡಿ. ಬಾರಾಮಹಲು (ಕೃಷ್ಣಗಿರಿ-ಧರ್ಮಪುರಿ ಸೀಮೆ), ಮಲಬಾರು, ಕೊಡಗು ಅಷ್ಟರಲ್ಲಿ ಇಂಗ್ಲಿಷರ ಹಿಡಿತಕ್ಕೆ ಬಂದಿದ್ದವು, ಟಿಪ್ಪುವಿನ ರಾಜ್ಯ ಅರ್ಧವಾಗಿತ್ತು. ಇವೆಲ್ಲ ಈ ಮೂರನೇ ಯುದ್ಧವನ್ನು ಮುಗಿಸಿದ 1792ರ ಒಪ್ಪಂದದ ಗಳಿಕೆ. ಮರಾಠರ 1791ರ ದುಡಿಮೆಯೇ 1799ರಲ್ಲಿ ಅವರಿಲ್ಲದೆ ಗೆಲ್ಲುವುದನ್ನು ಸಾಧ್ಯ ಮಾಡಿತು.

ಮಿತ್ರನ ತೂಕ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ ಬಿದ್ದದ್ದು ಇಂಗ್ಲಿಷ್ ಪಡೆಗಳಿಂದಲೇ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರ ಸಾಲುಗಳ ಮೇಲೆ ನುಗ್ಗಿದ್ದೂ ಅವರೇ. ಆಗ ಭಾವು ಬಿದನೂರಿನ ಕಡೆ ತನ್ನದೇ ಬೇಟೆಯಲ್ಲಿದ್ದ. ಮರಾಠರ ನೆರವು 1791ರ ಮೇ ತಿಂಗಳಲ್ಲಿ ಪ್ರಾಣದಷ್ಟು, ಮರು ಫೆಬ್ರವರಿಯಲ್ಲಿ ಹೆಚ್ಚೇನಲ್ಲ.

ಕೊನೆಗೆ ಫಲಿತಾಂಶ ಬರೆಯುವಾಗ ಒಂದೇ ಅಂತ್ಯ ಬರೆಯದೆ, ಸಾಧ್ಯತೆಯ ಕ್ರಮದಲ್ಲಿ ಎರಡು ಮೂರು ಬರೆಯಿರಿ. ನನ್ನ ಕ್ರಮ ಹೀಗೆ. ಹೆಚ್ಚು ಸಂಭವ: 1792ರಲ್ಲಿ ಮಂಗಳೂರು ಮಾದರಿಯ ಇನ್ನೊಂದು ಒಪ್ಪಂದ. ಬೆಂಗಳೂರು ವಾಪಸು, ಮಲಬಾರು ಬಹುಶಃ ಇಂಗ್ಲಿಷರಿಗೆ. ಟಿಪ್ಪು ನಿಜದಲ್ಲಿ ಒಪ್ಪಬೇಕಾಗಿ ಬಂದ ಅರ್ಧ ರಾಜ್ಯದ ನಷ್ಟವೂ 3 ಕೋಟಿ 30 ಲಕ್ಷ ರೂಪಾಯಿಯ ದಂಡವೂ ತನ್ನ ಇಬ್ಬರು ಮಕ್ಕಳ ಒತ್ತೆಯೂ ಇಲ್ಲ, ಏಕೆಂದರೆ ಅರ್ಧ ರಾಜ್ಯ ಕೇಳಿದ್ದು ಮೂರು ಜನಕ್ಕೆ ಪಾಲು ಹಂಚಬೇಕಾಗಿದ್ದರಿಂದಲೂ ಹೌದು. ಅದಕ್ಕಿಂತ ಕಡಿಮೆ ಸಂಭವ: ಕಾರ್ನ್‌ವಾಲಿಸ್ ಬೆಂಗಳೂರಿನಲ್ಲಿ ಕೂತು, ಗುಡ್ಡದ ಕೋಟೆಗಳನ್ನು ಒಂದೊಂದಾಗಿ ಹಿಡಿದು, 1793ರಲ್ಲಿ ಮತ್ತೆ ಪಟ್ಟಣದ ಮುಂದೆ ಬರುವುದು. ತೀರಾ ಕಡಿಮೆ: ಟಿಪ್ಪು ಮದ್ರಾಸಿನ ಬಾಗಿಲಿಗೆ ಹೋಗುವುದು. ಎರಡನೆಯದನ್ನು ತೂಗುವಾಗ ಒಂದು ತಾರೀಕು ಪಕ್ಕದಲ್ಲಿರಲಿ: 1793ರ ಫೆಬ್ರವರಿ 1ರಂದು ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಆ ಮೇಲೆ ಲಂಡನ್ನಿನಿಂದ ಮೈಸೂರಿಗೆಂದು ಹಣವೂ ಗೋರಾ ಪಲ್ಟನ್ನುಗಳೂ ಎಷ್ಟು ಬರುತ್ತಿದ್ದವು ಎಂಬುದರ ಮೇಲೆ ಆ ಸಾಧ್ಯತೆ ಏರುತ್ತದೆ, ಇಳಿಯುತ್ತದೆ.